ವರ್ಗವಾಗಿ ಹೋಗುವ ಮುನ್ನ ಆ ಹುಡುಗನ ಬಗ್ಗೆ ಏನು ಬರೆದಿಟ್ಟು ಹೋಗಲಿ?

ಹೊಳೆದಂಡೆಯ ಶಿಕ್ಷಕಿ, ರಾಮದುರ್ಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆ ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿದೆ. ನಾನು ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಈ ಸಲದ ವರ್ಗಾವಣೆಯಲ್ಲಿ ನನ್ನ ಹೆಸರು ಬಂದಿದೆ, ಇನ್ನು ಹದಿನೈದು ದಿನಕ್ಕೆ ಬಿಡುಗಡೆಯಾಗಬಹುದು. ಹೋಗುವ ಮುಂಚೆ ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಲೆಕ್ಕದಲ್ಲಿ ಚುರುಕು, ಕಬಡ್ಡಿಯಲ್ಲಿ ಇನ್ನೂ ಚುರುಕು. ಆದರೆ ಮೋಡ ಕವಿದರೆ ಸಾಕು, ಅವನ ಕಣ್ಣು ಹಲಗೆಯ ಮೇಲೆ ನಿಲ್ಲುವುದಿಲ್ಲ. ಛಾವಣಿಯ ಪತ್ರಾಸಿನ ಮೇಲೆ ನಾಲ್ಕು ಹನಿ ಬಿದ್ದ ಕೂಡಲೇ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬುತ್ತಾನೆ. ಚೀಲವನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳುತ್ತಾನೆ. ಮಳೆ ಜೋರಾದರೆ ಹೇಳದೆ ಕೇಳದೆ ಎದ್ದು ಹೋಗುತ್ತಾನೆ. ಎರಡು ವರ್ಷದ ಹಿಂದೆ, ಅವನು ನಾಲ್ಕನೆಯ ತರಗತಿಯಲ್ಲಿದ್ದಾಗ, ಇದನ್ನು ನಾನು ಉದ್ಧಟತನ ಎಂದು ತಿಳಿದಿದ್ದೆ. ಎರಡು ದಿನ ಹೊರಗೆ ನಿಲ್ಲಿಸಿದೆ. ಮೂರನೆಯ ದಿನವೂ ಎದ್ದು ಹೋದಾಗ ಸಿಟ್ಟಿನಿಂದ ಅವನ ಬೆನ್ನ ಹಿಂದೆಯೇ ಹೋದೆ. ಅವನು ಎಲ್ಲಿಗೂ ಓಡಿರಲಿಲ್ಲ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕೂರುವ ನಲಿ-ಕಲಿ ಕೋಣೆಯ ಕಿಟಕಿಯ ಸರಳು ಹಿಡಿದು ನಿಂತಿದ್ದ. ಒಳಗೆ ಅವನ ತಂಗಿ ಮಣಿಗಳನ್ನು ಎಣಿಸುತ್ತಿದ್ದಳು. ಅವಳು ತಲೆ ಎತ್ತಿಯೂ ನೋಡಲಿಲ್ಲ. ಇವನು ಅವಳನ್ನು ನೋಡಿದ, ನನ್ನ ಪಕ್ಕದಿಂದಲೇ ಹಾದು ತರಗತಿಗೆ ಮರಳಿದ, ತನ್ನ ಜಾಗದಲ್ಲಿ ಕುಳಿತ.

ಆ ಸಂಜೆ ಅವನ ಮನೆಗೆ ಹೋದೆ. ಹೊಳೆ ಬಂದ ವರ್ಷ, ಅಂದರೆ 2019ರ ಆಗಸ್ಟ್‌ನಲ್ಲಿ, ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಓಣಿಗಳನ್ನೆಲ್ಲ ಖಾಲಿ ಮಾಡಿಸಿದರು. ತಾಯಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಒಂದು ಟ್ರ್ಯಾಕ್ಟರ್ ಹತ್ತಿದರು. ಐದು ವರ್ಷದ ಈ ಹುಡುಗ ಕಾಕಾನ ಜೊತೆ ಇನ್ನೊಂದರಲ್ಲಿ ಕುಳಿತ. ಮೊದಲನೆಯದು ನಮ್ಮ ಶಾಲೆಗೆ ಬಂತು, ದಿಬ್ಬದ ಮೇಲಿರುವುದರಿಂದ ಇಲ್ಲಿಯೇ ಗಂಜಿ ಕೇಂದ್ರ ತೆರೆದಿದ್ದರು. ಎರಡನೆಯದು ಮುಂದಿನ ಊರಿನ ಕಲ್ಯಾಣ ಮಂಟಪಕ್ಕೆ ಹೋಯಿತು. ತಾಯಿಯನ್ನೂ ತಂಗಿಯನ್ನೂ ಅವನು ಮತ್ತೆ ಕಂಡದ್ದು ಮರುದಿನ ಮಧ್ಯಾಹ್ನ. ಮನೆಯಲ್ಲಿ ಯಾರೂ ತೀರಿಕೊಳ್ಳಲಿಲ್ಲ. ಹಾಗಾಗಿ ಆ ಒಂದು ರಾತ್ರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ಗೋಡೆ ಬಿತ್ತು, ಎರಡು ಆಡು ಹೋದವು, ಮಕ್ಕಳು ಉಳಿದವು" ಎಂದು ತಾಯಿ ಹೇಳಿದರು. ಆಮೇಲೆ ಹದಿನೆಂಟು ದಿನ ಇಡೀ ಕುಟುಂಬ ನಮ್ಮ ಶಾಲೆಯ ಒಂದು ಕೋಣೆಯಲ್ಲಿ ಮಲಗಿತು. ಈಗ ಆರನೆಯ ತರಗತಿ ನಡೆಯುವುದು ಅದೇ ಕೋಣೆಯಲ್ಲಿ. ನಾವು ಶಿಕ್ಷಕರು ಬೆಳಿಗ್ಗೆ ಬೀಗ ತೆಗೆದು ಒಳಗೆ ಹೋಗುವಾಗ ನಮಗೆ ಅದು ತರಗತಿ. ಅವನಿಗೆ ಅದು ಏನು ಎಂದು ನಾನು ಎರಡು ವರ್ಷ ಯೋಚಿಸಿಯೇ ಇರಲಿಲ್ಲ.

ಆಮೇಲೆ ಮಾಡಿಕೊಂಡ ವ್ಯವಸ್ಥೆ ತೀರ ಸಣ್ಣದು. ಅವನನ್ನು ಬಾಗಿಲ ಪಕ್ಕದ ಸಾಲಿಗೆ ಕೂರಿಸಿದೆ. ಮಳೆ ಬಂದಾಗ ನನ್ನ ಮೇಜಿನ ಮೇಲಿನ ಡಸ್ಟರ್ ಮುಟ್ಟಿ ಹೋಗಬೇಕು, ತಂಗಿಯನ್ನು ನೋಡಿ ಎರಡು ನಿಮಿಷದಲ್ಲಿ ಬರಬೇಕು. ಕೈ ಎತ್ತುವುದು ಬೇಡ, ಕಾರಣ ಹೇಳುವುದು ಬೇಡ. ಮೈಕ್ ಪರೀಕ್ಷೆ ಮಾಡುವ ದಿನ ಮೊದಲೇ ಇಡೀ ತರಗತಿಗೆ ಹೇಳುತ್ತೇನೆ, ಯಾಕೆಂದರೆ ಆ ವರ್ಷ ಊರು ಬಿಡಿ ಎಂದು ಕೂಗಿದ್ದು ಮೈಕಿನಲ್ಲೇ. ಮೊದಲ ಮಳೆಗಾಲದಲ್ಲಿ ಒಂದು ಮಧ್ಯಾಹ್ನಕ್ಕೆ ಐದಾರು ಸಲ ಹೋಗುತ್ತಿದ್ದ. ಈ ವರ್ಷ ಒಂದೆರಡು ಸಲ.

ನಾನು ಹೋದ ಮೇಲೆ ಬರುವವರಿಗೆ ಇದು ತಿಳಿಯುವುದು ಹೇಗೆ? ಅವನ ಕಲಿಕೆಯ ದಾಖಲೆಗಳನ್ನು ಇಡುವ ಕೃತಿ ಸಂಪುಟದಲ್ಲಿ ಬರೆದಿಡಲೇ? ಬರೆದರೆ ಎಷ್ಟು ಬರೆಯಲಿ?

ಅಥಣಿಯ ಮುಖ್ಯ ಶಿಕ್ಷಕ

ಅಕ್ಕೋರೇ, ನೀವು ಮಾಡಿದ್ದು ದೊಡ್ಡ ಕೆಲಸ. ಆದರೆ ಬರೆಯಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಇಪ್ಪತ್ತೆಂಟು ವರ್ಷ ಸೇವೆಯಾಗಿದೆ ನನಗೆ. ಬಹಳ ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ ಕಣ್ಣೆದುರೇ ನಡೆದ ಹೊಡೆದಾಟ ಕಂಡು ಮಾತು ಬಿಟ್ಟಿದ್ದಳು. ಒಳ್ಳೆಯ ಮನಸ್ಸಿನ ಶಿಕ್ಷಕರೊಬ್ಬರು ಅವಳ ದಾಖಲೆಯಲ್ಲಿ "ಮಾನಸಿಕ ತೊಂದರೆ ಇದೆ, ಗಮನಿಸಿ" ಎಂದು ಬರೆದರು. ಆ ನಾಲ್ಕು ಪದ ಅವಳ ಜೊತೆ ಏಳನೆಯ ತರಗತಿಯವರೆಗೆ ನಡೆಯಿತು. ಪ್ರತಿಭಾ ಕಾರಂಜಿಗೆ ಹೆಸರು ಕೊಡುವಾಗ ಅವಳನ್ನು ಬಿಟ್ಟರು. ಪ್ರವಾಸಕ್ಕೆ ಕರೆದೊಯ್ಯಲು ಹೆದರಿದರು. ಮಾತು ಮರಳಿ ಬಂದು ಎರಡು ವರ್ಷವಾದರೂ ಹಾಳೆಯ ಮೇಲಿನ ಮಾತು ಹಾಗೆಯೇ ಇತ್ತು. ಶಾಲೆಯ ಕಪಾಟಿಗೆ ಬೀಗವಿದ್ದರೂ ಬೀಗದ ಕೈ ಎಲ್ಲರಿಗೂ ಗೊತ್ತಿರುವ ಮೊಳೆಗೇ ತೂಗುತ್ತಿರುತ್ತದೆ. ಬರುವವರಿಗೆ ಬಾಯಿಯಲ್ಲಿ ಹೇಳಿ ಹೋಗಿ, ಅಷ್ಟೇ ಸಾಕು.

ಹುಕ್ಕೇರಿ ಕಡೆಯ ಶಿಕ್ಷಕ

ನನ್ನ ಮಾತು ಕಟುವೆನಿಸಿದರೆ ಕ್ಷಮಿಸಿ. ನಾವು ಇಬ್ಬರು, ಮಕ್ಕಳು ಎಪ್ಪತ್ತಕ್ಕೂ ಹೆಚ್ಚು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸಮೀಕ್ಷೆ, ಚುನಾವಣೆಯ ಕೆಲಸ, ಎಲ್ಲವೂ ನಮ್ಮ ತಲೆಯ ಮೇಲೆ. ಒಬ್ಬೊಬ್ಬ ಮಗುವಿನ ಒಳಗೆ ಇಳಿದು ನೋಡಲು ನಮಗೆ ತರಬೇತಿಯೂ ಇಲ್ಲ, ಹೊತ್ತೂ ಇಲ್ಲ. ಇಂಥದ್ದಕ್ಕೆ ಶಾಲೆಗೊಬ್ಬ ಆಪ್ತಸಮಾಲೋಚಕರನ್ನು ಕೊಡಲಿ ಎಂದು ಕೇಳಬೇಕಾದದ್ದು ನಾವು. ಇದನ್ನೂ ಶಿಕ್ಷಕರೇ ಮಾಡಲಿ ಎಂದರೆ ಮುಂದೆ ಯಾರೂ ಕೊಡುವುದಿಲ್ಲ.

ಹೊಳೆದಂಡೆಯ ಶಿಕ್ಷಕಿ

ಸರ್, ಆಪ್ತಸಮಾಲೋಚಕರು ಬೇಕೇ ಬೇಕು, ಆ ಬೇಡಿಕೆಗೆ ನನ್ನ ಸಹಿಯೂ ಇರಲಿ. ಆದರೆ ನನ್ನ ಹೊತ್ತು ಹೆಚ್ಚು ಹಾಳಾಗಿದ್ದು ಅವನನ್ನು ಹೊರಗೆ ನಿಲ್ಲಿಸಿ, ಗದರಿಸಿ, ಕರೆಸಿ, ಮತ್ತೆ ಗದರಿಸಿದ ದಿನಗಳಲ್ಲಿ. ಡಸ್ಟರ್ ಮುಟ್ಟಿ ಹೋಗಿ ಬರಲು ಎರಡು ನಿಮಿಷ, ಅಷ್ಟರಲ್ಲಿ ಪಾಠ ನಿಲ್ಲುವುದೂ ಇಲ್ಲ. ನಾನು ಅವನ ಒಳಗೆ ಇಳಿದು ನೋಡಿಲ್ಲ. ಒಂದು ಬಾಗಿಲು ತೆರೆದಿಟ್ಟೆ.

ಗೋಕಾಕದ ಪದವಿ ವಿದ್ಯಾರ್ಥಿ

ನಾನು ಶಿಕ್ಷಕನಲ್ಲ. 2019ರಲ್ಲಿ ನಾನು ಎಂಟನೆಯ ತರಗತಿ. ಘಟಪ್ರಭೆಯ ನೀರು ನಮ್ಮ ಮನೆಯ ಮಾಳಿಗೆಯವರೆಗೆ ಬಂದಿತ್ತು. ನಾವೂ ಗಂಜಿ ಕೇಂದ್ರದಲ್ಲಿದ್ದೆವು. ಇಲ್ಲಿ ಬರೆಯಬಹುದೇ ಎಂದು ಎರಡು ದಿನ ಯೋಚಿಸಿದೆ.

ಆ ದಿನಗಳಲ್ಲಿ ನೀರಿಗಿಂತ ಹೆಚ್ಚು ನೆನಪಿರುವುದು ಫೋಟೋಗಳು. ಬ್ಯಾಗು, ನೋಟುಪುಸ್ತಕ ಹಂಚಲು ಬಂದವರು ಒಳ್ಳೆಯವರೇ, ಅವರ ಉಪಕಾರ ಮರೆತಿಲ್ಲ. ಆದರೆ ಬ್ಯಾಗು ಕೈಗೆ ಕೊಟ್ಟು, ಅದನ್ನು ಬಿಡದೆ ಹಿಡಿದುಕೊಂಡು, ಕ್ಯಾಮೆರಾ ಕಡೆ ತಿರುಗಿಸುತ್ತಿದ್ದರು. "ಮನೆ ಹೇಗೆ ಬಿತ್ತು ಹೇಳು" ಎನ್ನುತ್ತಿದ್ದರು. ಒಂದೇ ವಾರದಲ್ಲಿ ಆ ಕಥೆಯನ್ನು ನಾನು ಎಷ್ಟು ಸಲ ಹೇಳಿದೆನೋ. ನಾಲ್ಕನೆಯ ಸಲಕ್ಕೆ ಅದು ಪಾಠದ ಹಾಗೆ ಬಾಯಿಪಾಠವಾಗಿತ್ತು, ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ನನ್ನ ಚಿಕ್ಕ ತಮ್ಮ ಹೊಸ ಬ್ಯಾಗಿದ್ದರೂ ಹಳೆಯ ಚೀಲವೇ ಬೇಕೆಂದು ಹಟ ಹಿಡಿದ.

ಶಾಲೆ ಮತ್ತೆ ಶುರುವಾದ ದಿನ ನಮ್ಮ ವಿಜ್ಞಾನದ ಸರ್ ಯಾರನ್ನೂ ಏನನ್ನೂ ಕೇಳಲಿಲ್ಲ. "ಎಲ್ಲರ ನೋಟ್ಸೂ ನೆನೆದಿದೆ, ನನ್ನದೂ ನೆನೆದಿದೆ. ಮೊದಲ ಪಾಠದಿಂದ ಮತ್ತೆ ಬರೆಯೋಣ" ಎಂದರು. ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಯುತ್ತಾ ಹೋದರು. ದಿನವೂ ಅದೇ ಹೊತ್ತಿಗೆ ಬಂದರು, ಅದೇ ಹೊತ್ತಿಗೆ ಮುಗಿಸಿದರು. ನನಗೆ ನಿದ್ದೆ ಬರತೊಡಗಿದ್ದು ಆ ವಾರದಿಂದ ಎಂದು ಈಗ ಅನಿಸುತ್ತದೆ.

ಟೀಚರ್, ನೀವು ತಾಯಿಯನ್ನು ಕೇಳಿದ್ದೀರಿ, ಇಲ್ಲಿ ನಮ್ಮನ್ನೆಲ್ಲ ಕೇಳುತ್ತಿದ್ದೀರಿ. ಬರೆಯಬೇಕೋ ಬೇಡವೋ ಎಂದು ಆ ಹುಡುಗನನ್ನು ಕೇಳಿದ್ದೀರಾ?

ಆಸ್ಪತ್ರೆಯ ಶುಶ್ರೂಷಕಿ, ಬೆಳಗಾವಿ ಜಿಲ್ಲೆ

ತಮ್ಮಾ, ನೀನು ಬರೆದದ್ದು ಒಳ್ಳೆಯದಾಯಿತು. ಆ ವಿಜ್ಞಾನದ ಮಾಸ್ತರರು ಮಾಡಿದ್ದು ಸರಿಯಾದ ಚಿಕಿತ್ಸೆಯೇ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಈ ಮೂರರ ನಂತರವೂ ನಿಮ್ಹಾನ್ಸ್ ತಂಡಗಳು ಸಂತ್ರಸ್ತರ ನಡುವೆ ಕೆಲಸ ಮಾಡಿವೆ. ಮಕ್ಕಳ ಮಟ್ಟಿಗೆ ಇಂಥ ಕೆಲಸದ ಮೊದಲ ಪಾಠ ಒಂದೇ: ದಿನಚರಿ ಮರಳಿ ಬರಬೇಕು, ಆಟ ಮರಳಿ ಬರಬೇಕು, ತನ್ನವರು ಹತ್ತಿರವಿರಬೇಕು. ಕಥೆ ಹೇಳಿಸುವುದು ಮೊದಲ ಕೆಲಸವಲ್ಲ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಚಿತ್ರ ಬರೆದರೆ ನೋಡಬೇಕು.

ಆ ಹುಡುಗನ ಚೀಲದ ವಿಷಯಕ್ಕೆ ಬರುತ್ತೇನೆ. ಪತ್ರಾಸಿನ ಮೇಲೆ ಹನಿಯ ಸದ್ದು ಬಿದ್ದಾಗ ಅವನು ಯೋಚಿಸಿ ಎದ್ದು ಹೋಗುವುದಿಲ್ಲ. ಅಪಾಯ ಬಂದಿದೆ ಎಂದು ಮೈ ಮೊದಲು ತೀರ್ಮಾನಿಸಿಬಿಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಸಿದ್ಧವಾಗುತ್ತವೆ, ಯೋಚನೆ ಆಮೇಲೆ ಬರುತ್ತದೆ. ಆ ಹೊತ್ತಿನಲ್ಲಿ ಗದರಿಸಿದರೆ ಅಪಾಯ ನಿಜವೆಂದು ಮೈಗೆ ಇನ್ನಷ್ಟು ಖಾತ್ರಿಯಾಗುತ್ತದೆ. ತಂಗಿ ಕಣ್ಣಿಗೆ ಬಿದ್ದರೆ ಮೈಯ ಗಾಬರಿ ತಾನಾಗಿ ಇಳಿಯುತ್ತದೆ. ಒಂದು ಮಳೆಗಾಲದಲ್ಲಿ ಐದಾರು ಸಲ, ಮುಂದೆ ಒಂದೆರಡು ಸಲ ಎಂದು ಬರೆದಿದ್ದೀರಲ್ಲ, ಅದೇ ಇಳಿಯುವ ಲಕ್ಷಣ. ಎಲ್ಲ ಮಕ್ಕಳೂ ಓಡುವುದಿಲ್ಲ. ಕೆಲವರು ಜಗಳಕ್ಕೆ ನಿಲ್ಲುತ್ತಾರೆ, ಕೆಲವರು ಕಲ್ಲಿನ ಹಾಗೆ ಕುಳಿತುಬಿಡುತ್ತಾರೆ. ಕಲ್ಲಿನ ಹಾಗೆ ಕುಳಿತವರೇ ನಮ್ಮ ಕಣ್ಣು ತಪ್ಪಿಸಿಕೊಳ್ಳುವವರು, ಯಾಕೆಂದರೆ ಅವರಿಂದ ತರಗತಿಗೆ ತೊಂದರೆಯಿಲ್ಲ, ಹಾಜರಿಯೂ ಸರಿಯಿರುತ್ತದೆ.

ದೊಡ್ಡ ಆಪತ್ತು ಕಂಡ ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಕೆಟ್ಟ ಕನಸು, ಮತ್ತೆ ಶುರುವಾದ ಹಾಸಿಗೆ ಒದ್ದೆ, ಬೆಳಿಗ್ಗೆ ಶಾಲೆಯ ಹೊತ್ತಿಗೇ ಹೊಟ್ಟೆನೋವು, ಇಷ್ಟವಿದ್ದ ಆಟವನ್ನೂ ಬಿಡುವುದು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಫೋನಿನಲ್ಲಿ ಕೇಳುವುದಾದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಶಿಕ್ಷಕರೂ ಕರೆ ಮಾಡಿ ಸಲಹೆ ಕೇಳಬಹುದು. ಸಾಯುವ ಮಾತು, ತನಗೆ ತಾನು ನೋವು ಮಾಡಿಕೊಳ್ಳುವ ಮಾತು ಬಂದರೆ ಮಾತ್ರ ನಾಳೆಗೆ ಇಡಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಕರೆ ಮಾಡಿ, ಅಂದೇ ತೋರಿಸಿ.

ವಸತಿ ನಿಲಯದ ಮೇಲ್ವಿಚಾರಕಿ, ವಿಜಯಪುರ ಜಿಲ್ಲೆ

ನಮ್ಮಲ್ಲಿ ಹೊಳೆಯ ಕಥೆಯಲ್ಲ, ಸಾಲದ ಕಥೆ. ತಾಂಡಾಗಳಿಂದ ಬಂದ ಹುಡುಗಿಯರು ಬಹಳ. ದೀಪಾವಳಿಯ ಸುಮಾರಿಗೆ ಅಪ್ಪ ಅಮ್ಮ ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆ ಹೋದರೆ ಯುಗಾದಿಯ ಹೊತ್ತಿಗೆ ಬರುವುದು. ಅಂಥ ಒಬ್ಬ ಹುಡುಗಿಯ ತಂದೆ ಸಾಲಕ್ಕೆ ಹೆದರಿ ಜೀವ ಕಳೆದುಕೊಂಡರು. ಅವಳು ಆಗ ಏಳನೆಯ ತರಗತಿ.

ಆಮೇಲಿನ ಒಂದು ವರ್ಷ ಅವಳಿಗೆ ನೋವು ಕೊಟ್ಟಿದ್ದು ಅರ್ಜಿಗಳು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಉದ್ಯೋಗ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ತಿಂಗಳಿಗೆ 4000 ರೂಪಾಯಿ, ಅದಕ್ಕೆ ಮರಣ ಪ್ರಮಾಣಪತ್ರ. ತರಗತಿಯಲ್ಲಿ ಎಲ್ಲರ ಎದುರು "ನಿನ್ನ ತಂದೆ ಏನು ಮಾಡುತ್ತಾರೆ, ಇಲ್ಲವಾ, ಏನಾಗಿತ್ತು" ಎಂದು ಕೇಳುತ್ತಿದ್ದರು. ಸಹಾಯ ಮಾಡಲೆಂದೇ ಕೇಳಿದ್ದು. ಅವಳು ರಾತ್ರಿ ಬಂದು ಉಣ್ಣದೆ ಮಲಗುತ್ತಿದ್ದಳು. ನಾನು ಕೇಳಿದರೆ ಕನ್ನಡದಲ್ಲಿ "ಹಸಿವಿಲ್ಲ" ಎನ್ನುವಳು, ಅಷ್ಟೇ. ಅಡುಗೆಯ ಅಕ್ಕ ಲಂಬಾಣಿಯವರು. ಅವರ ಪಕ್ಕದಲ್ಲಿ ರೊಟ್ಟಿ ತಟ್ಟುತ್ತಾ ಕುಳಿತಾಗ ತನ್ನ ಮಾತಿನಲ್ಲಿ ಎಲ್ಲವನ್ನೂ ಹೇಳಿದಳಂತೆ. ಬಿಸಿಯೂಟದ ಅಕ್ಕಂದಿರಿಗೆ ಯಾವ ಮಗು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತದೆ, ಯಾವುದು ತಾಟು ಮುಟ್ಟುವುದಿಲ್ಲ ಎಂಬುದು ನಮಗಿಂತ ಮೊದಲು ಗೊತ್ತಿರುತ್ತದೆ. ಶಿಕ್ಷಕರ ಸಭೆಗೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ.

ನಾನು ಮಾಡಿದ್ದು ಇಷ್ಟು. ಅವಳ ಕಾಗದಗಳ ಐದು ಪ್ರತಿ ಮಾಡಿಸಿ ನನ್ನ ಬಳಿ ಇಟ್ಟುಕೊಂಡೆ. ಶಾಲೆಗೆ ಒಂದು ಚೀಟಿ ಕಳಿಸಿದೆ: "ಈ ಹುಡುಗಿಯ ಅರ್ಜಿಗಳಿಗೆ ಬೇಕಾದ ಮಾಹಿತಿಯನ್ನು ನಿಲಯದಿಂದ ಪಡೆಯಿರಿ, ತರಗತಿಯಲ್ಲಿ ಕೇಳಬೇಡಿ." ಏನಾಯಿತು ಎಂದು ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಅಕ್ಕೋರೇ, ನೀವೂ ಹಾಗೆ ಬರೆಯಬಹುದಲ್ಲವೇ? ನಡೆದದ್ದನ್ನು ಬಿಡಿ, ಮಾಡಬೇಕಾದದ್ದನ್ನು ಬರೆಯಿರಿ.

ಅಥಣಿಯ ಮುಖ್ಯ ಶಿಕ್ಷಕ

ಮೇಡಂ, ಇದು ನನಗೆ ಹೊಳೆದಿರಲಿಲ್ಲ. ಆದರೂ ಬಾಯಿಮಾತಿನಲ್ಲಿ ಹೇಳಿದರೆ ಸಾಲದೇ? ಕಾಗದ ಎಂದರೆ ನನಗೆ ಈಗಲೂ ಭಯ.

ನವನಗರದ ನಿವೃತ್ತ ಶಿಕ್ಷಕ, ಬಾಗಲಕೋಟೆ

ಬಾಯಿಮಾತು ಸಾಲುವುದಿಲ್ಲ, ನಾನು ಅನುಭವಿಸಿದ್ದೇನೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದ ಕಾಲದಲ್ಲಿ ನಾನು ಮುಳುಗಡೆ ಹಳ್ಳಿಗಳ ಮಕ್ಕಳಿಗೆ ಪುನರ್ವಸತಿ ಕೇಂದ್ರದಲ್ಲಿ ಪಾಠ ಮಾಡಿದವನು. ಅದು ಒಂದು ರಾತ್ರಿಯ ಆಪತ್ತಲ್ಲ. ನೋಟಿಸು ಬರುತ್ತದೆ, ಅಳತೆಯಾಗುತ್ತದೆ, ಪರಿಹಾರದ ಜಗಳ ನಡೆಯುತ್ತದೆ, ಒಂದು ದಿನ ಬಾಗಿಲು ಕಿಟಕಿ ಕಿತ್ತು ಗಾಡಿಗೆ ಹೇರುತ್ತಾರೆ. ಮಕ್ಕಳು ಇದನ್ನೆಲ್ಲ ವರ್ಷಗಟ್ಟಲೆ ನೋಡುತ್ತಾ ಬೆಳೆದರು. ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಇನ್ನೂ ಇರುವುದರಿಂದ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇಂದಿನ ಮಕ್ಕಳೂ 'ಮುಳುಗಡೆ' ಎಂಬ ಶಬ್ದ ಕೇಳುತ್ತಲೇ ಉಣ್ಣಲು ಕೂರುತ್ತಾರೆ.

ಒಬ್ಬ ಹುಡುಗನ ಕಂಪಾಸ್ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಕಬ್ಬಿಣದ ಬೀಗದ ಕೈ ಇರುತ್ತಿತ್ತು. ಮುಳುಗಿದ ಮನೆಯದು. ಕಂಪಾಸಿನ ಮುಚ್ಚಳ ಮುಚ್ಚುತ್ತಿರಲಿಲ್ಲ, ರಬ್ಬರ್ ಹಾಕಿ ಕಟ್ಟುತ್ತಿದ್ದ. ಪಾಠದ ನಡುವೆ ಅದನ್ನು ತೆಗೆದು ಅಂಗೈಯಲ್ಲಿ ಒತ್ತಿ ಹಿಡಿಯುತ್ತಿದ್ದ. ಹಿಡಿದುಕೊಂಡಾಗ ಓದು ಸರಾಗ. ನಾನು ಏನೂ ಅನ್ನಲಿಲ್ಲ. ವರ್ಗವಾದಾಗ ನನ್ನ ನಂತರ ಬಂದವರಿಗೆ ಬಸ್ ನಿಲ್ದಾಣದವರೆಗೆ ನಡೆಯುತ್ತಾ ಎಲ್ಲವನ್ನೂ ಹೇಳಿದೆ. ಅವರು ನಡೆಸಿಕೊಂಡು ಹೋದರು. ಮುಂದಿನ ವರ್ಷ ಅವರಿಗೂ ವರ್ಗವಾಯಿತು. ಅವರ ನಂತರ ಬಂದವರಿಗೆ ಹೇಳುವವರೇ ಇರಲಿಲ್ಲ. ತರಗತಿಯಲ್ಲಿ ಕಬ್ಬಿಣದ ಸಾಮಾನು ಹಿಡಿದು ಆಡುತ್ತಾನೆ ಎಂದು ಬೀಗದ ಕೈಯನ್ನು ಕಿತ್ತುಕೊಂಡು ಮೇಜಿನ ಖಾನೆಗೆ ಹಾಕಿದರು. ವರ್ಷದ ಕೊನೆಗೆ ಖಾನೆ ತೆಗೆದರೆ ಅದು ಇರಲಿಲ್ಲ. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ನಾನು ಎರಡು ಸಾಲು ಬರೆದಿಟ್ಟಿದ್ದರೆ ಅದು ಉಳಿಯುತ್ತಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಮತ್ತೊಂದು ಮಾತು. ಸುಮ್ಮನಿರುವ ಮಗುವಿಗೆಲ್ಲ ಆಘಾತ ಎಂಬ ಹೆಸರು ಹಚ್ಚಬೇಡಿ. ಕೆಲವು ಮಕ್ಕಳ ಸ್ವಭಾವವೇ ಮೌನ.

ಆಸ್ಪತ್ರೆಯ ಶುಶ್ರೂಷಕಿ, ಬೆಳಗಾವಿ ಜಿಲ್ಲೆ

ಗುರುಗಳೇ, ನಿಮ್ಮ ಕೊನೆಯ ಮಾತು ನಿಜ. ಬರವಣಿಗೆಯ ವಿಷಯದಲ್ಲಿ ನಮ್ಮಲ್ಲೂ ಇದೇ ರೂಢಿ. ರೋಗಿಯ ಪೂರ್ತಿ ವಿವರ ಆಸ್ಪತ್ರೆಯ ಕಡತದಲ್ಲಿರುತ್ತದೆ. ಮನೆಗೆ ಕಳಿಸುವಾಗ ಯಾವ ಗುಳಿಗೆ ಯಾವ ಹೊತ್ತಿಗೆ, ಮತ್ತೆ ಯಾವಾಗ ಬರಬೇಕು ಎಂಬುದನ್ನು ಬಿಡಿಸಿ ಬರೆದುಕೊಡುತ್ತೇವೆ. ಮನೆಯವರಿಗೆ ದಿನವೂ ಬೇಕಾಗುವುದು ಆ ನಾಲ್ಕು ಸಾಲು.

ಆದರೆ ಒಂದು ಕಡೆ ಈ ನಿಯಮ ನಡೆಯುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆ, ಊರಿನ ಮರ್ಯಾದೆ ಎಂದು ಮುಚ್ಚಿಟ್ಟರೆ ಅದೇ ಅಪರಾಧ. "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮಾತು ಕೊಡಬೇಡಿ. "ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎನ್ನಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹುಕ್ಕೇರಿ ಕಡೆಯ ಶಿಕ್ಷಕ

ಬೀಗದ ಕೈಯ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಶಾಲೆಯಲ್ಲೊಬ್ಬ ಹುಡುಗ ಪಟಾಕಿ ಸದ್ದಾದರೆ ಮೇಜಿನ ಕೆಳಗೆ ಸೇರುತ್ತಾನೆ, ಉಳಿದವರು ನಗುತ್ತಾರೆ, ನಾನೂ ಒಮ್ಮೆ ನಕ್ಕಿದ್ದೇನೆ. ಸೋಮವಾರ ಬಿಸಿಯೂಟದ ಅಕ್ಕನನ್ನು ಕೇಳುತ್ತೇನೆ. ಅವರು ಅವನ ಓಣಿಯವರೇ. ಆಪ್ತಸಮಾಲೋಚಕರ ಬೇಡಿಕೆಯನ್ನು ಮಾತ್ರ ಬಿಡುವುದಿಲ್ಲ.

ಹೊಳೆದಂಡೆಯ ಶಿಕ್ಷಕಿ

ಒಂದು ವಾರ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ಎಲ್ಲವನ್ನೂ ಎರಡೆರಡು ಸಲ ಓದಿದೆ.

ಗೋಕಾಕದ ತಮ್ಮ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆ ಹುಡುಗನನ್ನು ನಾನು ಕೇಳಿರಲಿಲ್ಲ. ಮೊದಲು ತಾಯಿಯ ಒಪ್ಪಿಗೆ ಪಡೆದೆ. ಆಮೇಲೆ ನಿನ್ನೆ ಶಾಲೆ ಬಿಟ್ಟ ಮೇಲೆ, ತಂಗಿಯನ್ನು ಕರೆದುಕೊಂಡು ಹೊರಟವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ನಾನು ಬರೆದ ಚೀಟಿಯನ್ನು ಓದಿ ಹೇಳಿದೆ:

"ಬಾಗಿಲ ಪಕ್ಕದ ಸಾಲಿನಲ್ಲಿ ಕೂರಿಸಿ. ಮಳೆ ಜೋರಾದಾಗ ಮೇಜಿನ ಮೇಲಿನ ಡಸ್ಟರ್ ಮುಟ್ಟಿ ಹೊರಗೆ ಹೋಗುತ್ತಾನೆ, ಎರಡು ನಿಮಿಷದಲ್ಲಿ ಬರುತ್ತಾನೆ. ಕಾರಣ ಕೇಳಬೇಡಿ. ಮೈಕ್ ಹಚ್ಚುವ ದಿನ ಮೊದಲೇ ತಿಳಿಸಿ. ಲೆಕ್ಕದಲ್ಲಿ ಬಹಳ ಚುರುಕು, ಹೆಚ್ಚಿನ ಲೆಕ್ಕಗಳನ್ನು ಕೊಡಿ."

ಹೊಳೆಯ ಹೆಸರಿಲ್ಲ, ತಂಗಿಯ ಹೆಸರಿಲ್ಲ. ಇದನ್ನು ಕೃತಿ ಸಂಪುಟದಲ್ಲಿ ಹಚ್ಚುವುದಿಲ್ಲ. ಮುಖ್ಯ ಶಿಕ್ಷಕರ ಬಳಿ ಮುಚ್ಚಿದ ಲಕೋಟೆಯಲ್ಲಿರುತ್ತದೆ, ತರಗತಿ ಶಿಕ್ಷಕರು ಬದಲಾದಾಗಲೆಲ್ಲ ಅವರ ಕೈಗೆ ಹೋಗುತ್ತದೆ. ಅವನು ಬೇಡವೆಂದ ದಿನ ಹರಿದು ಹಾಕಬೇಕು ಎಂದು ಲಕೋಟೆಯ ಮೇಲೆಯೇ ಬರೆದಿದ್ದೇನೆ. ಅಥಣಿಯ ಸರ್, ಈ ಕೊನೆಯ ಸಾಲು ನಿಮ್ಮ ಭಯ ನೆನೆದು ಸೇರಿಸಿದ್ದು.

ಹುಡುಗ ಪೂರ್ತಿ ಕೇಳಿಸಿಕೊಂಡ. ಲೆಕ್ಕದ ಮಾತು ಬಂದಾಗ ಮುಖ ಅರಳಿತು. "ಇರಲಿ" ಎಂದ. ನಾನು ಲಕೋಟೆಗೆ ಹಾಕುವಷ್ಟರಲ್ಲಿ ತಡೆದು, ಚೀಟಿಯನ್ನು ತನ್ನ ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದ. ತಂಗಿ ಈಗ ಮೂರನೆಯ ತರಗತಿ. ಮುಂದಿನ ಜೂನ್‌ಗೆ ನಲಿ-ಕಲಿ ಕೋಣೆ ಬಿಟ್ಟು ಹಿಂದಿನ ಹೊಸ ಕಟ್ಟಡಕ್ಕೆ ಹೋಗುತ್ತಾಳೆ, ಅಲ್ಲಿಗೆ ಹೋಗಿ ಬರಲು ಎರಡು ನಿಮಿಷ ಸಾಲುವುದಿಲ್ಲ ಎಂದ. ಬೆರಳು ಮಡಿಚಿ ಲೆಕ್ಕ ಹಾಕಿದ. "ನಾಲ್ಕು ಬೇಕು" ಎಂದ.

ಎರಡನ್ನು ಹೊಡೆದು ನಾಲ್ಕು ಎಂದು ಬರೆದೆ.